ಖಾತೆಪುಸ್ತಕದ ಸ್ಥಾನಾಂತರ: ಉತ್ತರ ಕನ್ನಡ ಕರಾವಳಿಯ ಬ್ಯಾಂಕು ಶಾಖೆಗಳೂ ಕೇಂದ್ರ ಗಣಕಯಂತ್ರವೂ

ಭಟ್ಕಳ ತಾಲ್ಲೂಕಿನ ಮಾವಳ್ಳಿ ಹೋಬಳಿಯೆಂದರೆ ಹೊರಗಿನವರಿಗೆ ನೆನಪಾಗುವುದು ಮುರ್ಡೇಶ್ವರ. ಅಲ್ಲಿಂದ ಉತ್ತರಕ್ಕೆ ಹೋಗಿ ಶರಾವತಿಯನ್ನು ದಾಟಿದರೆ ಹೊನ್ನಾವರ, ಅದರಾಚೆಗೆ ಕುಮಟಾ. ಈ ಮೂರು ತಾಲ್ಲೂಕುಗಳ ಆರ್ಥಿಕ ಚರಿತ್ರೆಯನ್ನು ಬರೆಯಹೊರಟವರು ಅಡಕೆ, ತೆಂಗು, ಮೀನು, ಕೊಲ್ಲಿ ದೇಶಗಳಿಂದ ಬರುವ ಹಣ ಇವುಗಳನ್ನು ವಿಚಾರಿಸುವುದು ಸಹಜವೇ ಸರಿ. ನಾವು ಇಲ್ಲಿ ಕೇಳಬಯಸುವುದು ಇನ್ನೊಂದು ಪ್ರಶ್ನೆ: ಆ ಹಣದ ಲೆಕ್ಕ ಎಲ್ಲಿತ್ತು, ಈಗ ಎಲ್ಲಿದೆ?

ಕರಾವಳಿಯಲ್ಲಿ ಬ್ಯಾಂಕುಗಳು ಹುಟ್ಟಿದ ಬಗೆ ವಾಚಕರಿಗೆ ತಿಳಿದದ್ದೇ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕು, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕು, 1924ರಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಸಿಂಡಿಕೇಟ್ ಬ್ಯಾಂಕು ಎಂದು ಮುಂದೆ ಹೆಸರಾದ ಸಂಸ್ಥೆ. ಸಿಂಡಿಕೇಟಿನ ಪಿಗ್ಮಿ ಠೇವಣಿ 1928ರದು. ದಿನಕ್ಕೆ ಎರಡಾಣೆಯನ್ನು ಮನೆಬಾಗಿಲಲ್ಲಿ ಸಂಗ್ರಹಿಸಿದ ಯೋಜನೆಯದು. ನಮ್ಮ ವಿಚಾರಕ್ಕೆ ಮುಖ್ಯವಾದದ್ದು, ಈ ಹಣದ ಲೆಕ್ಕವೆಲ್ಲ ಶಾಖೆಯ ಖಾತೆಪುಸ್ತಕದಲ್ಲಿಯೇ ನೆಲೆಸಿತ್ತೆಂಬುದು. ಗಿರಾಕಿಯು ಬ್ಯಾಂಕಿನ ಗಿರಾಕಿಯೆನ್ನುವುದಕ್ಕಿಂತ ಆ ಶಾಖೆಯ ಗಿರಾಕಿಯಾಗಿದ್ದನು. ಅವನ ಗುರುತೆಂದರೆ ಲೆಜರಿನ ಒಂದು ಪುಟದ ಸಂಖ್ಯೆ ಮತ್ತು ಗುಮಾಸ್ತರಿಗೆ ಪರಿಚಿತವಾದ ಒಂದು ರುಜು.

ಹಣ ಒಂದು ಶಾಖೆಯಿಂದ ಇನ್ನೊಂದಕ್ಕೆ ಹೋಗಬೇಕಾದಾಗ ಈ ವ್ಯವಸ್ಥೆಯ ಬಲವೂ ದೌರ್ಬಲ್ಯವೂ ಬಯಲಾಗುತ್ತಿದ್ದುವು. ಮುಂಬಯಿಯಲ್ಲಿ ದುಡಿಯುವವನೊಬ್ಬನು ಭಟ್ಕಳದ ಮನೆಗೆ ಡ್ರಾಫ್ಟ್ ಕಳುಹಿಸಿದನೆನ್ನೋಣ. ಡ್ರಾಫ್ಟು ಅಂಚೆಯಲ್ಲಿ ಮನೆಗೆ ಬರುವುದು. ಅದರ ತಿಳಿವಳಿಕೆಯ ಪತ್ರ ಬೇರೆಯಾಗಿ ಭಟ್ಕಳದ ಶಾಖೆಗೆ ಬರುವುದು. ಶಾಖೆಯು ಮುಂಬಯಿಯ ಅಧಿಕಾರಿಗಳ ರುಜುವನ್ನು ಮಾದರಿ ರುಜುಗಳ ಪುಸ್ತಕದೊಡನೆ ಹೋಲಿಸಿ ಹಣ ಕೊಟ್ಟು, ಆ ಸಂಗತಿಯನ್ನು ಪ್ರಧಾನ ಕಚೇರಿಗೆ ವರದಿ ಮಾಡುವುದು. ಮುಂಬಯಿಯ ಶಾಖೆಯೂ ತನ್ನ ಕಡೆಯದನ್ನು ವರದಿ ಮಾಡುವುದು. ಪ್ರಧಾನ ಕಚೇರಿಯಲ್ಲಿ ಈ ಎರಡು ನಮೂದುಗಳು ಸಂಧಿಸಿದಾಗಲೇ ಲೆಕ್ಕ ಮುಗಿದಂತೆ. ಅವಸರವಿದ್ದರೆ ತಂತಿ, ಆ ತಂತಿಯಲ್ಲಿ ಮೊತ್ತ, ತಾರೀಖು ಮೊದಲಾದವುಗಳಿಂದ ಗುಣಿಸಿ ತೆಗೆದ ಒಂದು ಗುಪ್ತಸಂಖ್ಯೆಯಿರುತ್ತಿತ್ತು. ದೂರದ ಶಾಖೆಯನ್ನು ಕೇಂದ್ರಕ್ಕೆ ಜೋಡಿಸುವ ಕೆಲಸ ಗಣಕಯಂತ್ರದೊಡನೆ ಹುಟ್ಟಿದ್ದಲ್ಲವೆಂಬುದಕ್ಕೆ ಈ ಸಂಖ್ಯೆಯೇ ಸಾಕ್ಷಿ.

ಆದರೆ ಶಾಖೆಗಳು ನೂರಾರು ಆದಾಗ, ಅದರಲ್ಲಿಯೂ 1969ರ ರಾಷ್ಟ್ರೀಕರಣದ ತರುವಾಯ, ಒಂಟಿ ನಮೂದುಗಳು ಜೊತೆ ಸಿಗದೆ ತಿಂಗಳುಗಟ್ಟಲೆ ನೇತಾಡತೊಡಗಿದುವು. ವಂಚಕನಿಗೆ ಇದಕ್ಕಿಂತ ಒಳ್ಳೆಯ ಆಸರೆ ಬೇರೆ ಬೇಕಿಲ್ಲ. ಕೇಂದ್ರ ಗಣಕವ್ಯವಸ್ಥೆಯನ್ನು ಗಿರಾಕಿಯ ಸೌಕರ್ಯಕ್ಕಾಗಿ ತಂದರೆಂದು ಸಾಮಾನ್ಯವಾಗಿ ಹೇಳುವುದುಂಟು. ಈ ತಾಳೆಯ ತೊಡಕೂ ಅಷ್ಟೇ ಪ್ರಬಲವಾದ ಕಾರಣವಾಗಿತ್ತೆಂದು ನಮ್ಮ ಅಭಿಪ್ರಾಯ. 1998ರಲ್ಲಿ ಬ್ಯಾಂಕುಗಳು ತಮ್ಮ ವ್ಯವಹಾರದ ಶೇಕಡಾ 70ನ್ನು 2001ರ ಆರಂಭದೊಳಗೆ ಗಣಕಕ್ಕೆ ಒಳಪಡಿಸಬೇಕೆಂದು ವಿಧಿಸಿದುದು ಕೇಂದ್ರ ಜಾಗೃತ ಆಯೋಗ ಎಂಬುದನ್ನು ಇಲ್ಲಿ ಗಮನಿಸಬೇಕು.

ನಡುವಿನ ಘಟ್ಟವನ್ನು ಸಂಕ್ಷೇಪವಾಗಿ ಹೇಳಬಹುದು. 1983ರಲ್ಲಿ ನೌಕರ ಸಂಘಗಳೊಡನೆ ಒಪ್ಪಂದವಾಯಿತು. ರಂಗರಾಜನ್ ಸಮಿತಿಯು 1984ರಲ್ಲಿಯೂ 1989ರಲ್ಲಿಯೂ ವರದಿಗಳನ್ನು ಒಪ್ಪಿಸಿತು. ಶಾಖೆಗಳಿಗೆ ಲೆಜರು ಬರೆಯುವ ಯಂತ್ರಗಳು ಬಂದುವು. ಆದರೆ ಅವು ಒಂಟಿ ಯಂತ್ರಗಳು. ಪುಸ್ತಕದ ರೂಪ ಬದಲಾಯಿತೇ ಹೊರತು ಅದರ ಮನೆ ಬದಲಾಗಲಿಲ್ಲ.

ಮನೆ ಬದಲಾದದ್ದು 2000ದಿಂದ ಈಚೆಗೆ. ಬ್ಯಾಂಕುಗಳ ಪರಸ್ಪರ ಸಂಪರ್ಕಕ್ಕಾಗಿ ಹೈದರಾಬಾದಿನ ಬ್ಯಾಂಕಿಂಗ್ ತಂತ್ರಜ್ಞಾನ ಸಂಸ್ಥೆಯು 1999ರಲ್ಲಿ ಉಪಗ್ರಹದ ಜಾಲವನ್ನು ಹಾಕಿತ್ತು. ಕರ್ಣಾಟಕ ಬ್ಯಾಂಕು ಇನ್ಫೋಸಿಸ್ಸಿನ ಫಿನಾಕಲ್ ತಂತ್ರಾಂಶವನ್ನು ಮೊದಮೊದಲಿಗೇ ಅಳವಡಿಸಿಕೊಂಡ ಬ್ಯಾಂಕುಗಳಲ್ಲೊಂದು. ಇದಾದಮೇಲೆ ಶಾಖೆಯ ಮೇಜಿನ ಮೇಲಿರುವುದು ಕೇವಲ ಕಿಟಕಿ. ಲೆಕ್ಕವಿರುವುದು ದೂರದ ದತ್ತಾಂಶ ಕೇಂದ್ರದಲ್ಲಿ. ಎರಡು ಶಾಖೆಗಳ ನಮೂದುಗಳು ಒಂದೇ ಕ್ಷಣದಲ್ಲಿ ಬೀಳುವುದರಿಂದ ಬ್ಯಾಂಕಿನೊಳಗೆ ‘ದಾರಿಯಲ್ಲಿರುವ ಹಣ’ ಎಂಬುದೇ ಇಲ್ಲವಾಯಿತು. ಆದರೆ ಸಂಪರ್ಕ ಕಡಿದ ದಿನ, ಗಿರಾಕಿಯನ್ನು ಹುಟ್ಟಿದಂದಿನಿಂದ ಬಲ್ಲ ಗುಮಾಸ್ತನೂ ಅವನ ಬಾಕಿಯೆಷ್ಟೆಂದು ಹೇಳಲಾರದೆ ಕೈಕಟ್ಟಿ ಕೂರಬೇಕು. ಹಿಂದೆ ದೀಪವಿಲ್ಲದಿದ್ದರೂ ಪುಸ್ತಕವಿತ್ತು.

ಆಡಳಿತದ ದೂರಕ್ಕೂ ಲೆಕ್ಕದ ದೂರಕ್ಕೂ ಸಂಬಂಧ ತಪ್ಪಿದುದನ್ನು ಗ್ರಾಮೀಣ ಬ್ಯಾಂಕಿನ ಚರಿತ್ರೆ ಸ್ಪಷ್ಟಪಡಿಸುತ್ತದೆ. ವರದಾ ಗ್ರಾಮೀಣ ಬ್ಯಾಂಕಿನ ಪ್ರಧಾನ ಕಚೇರಿ ಕುಮಟೆಯಲ್ಲಿತ್ತು. ಭಟ್ಕಳದಿಂದ ಸುಮಾರು 60 ಕಿಲೋಮೀಟರು, ಬೆಳಗಿನ ಬಸ್ಸಿಗೆ ಹೋಗಿ ಸಂಜೆಗೆ ಮರಳಬಹುದು. 2005ರಲ್ಲಿ ಅದು ಇತರ ಗ್ರಾಮೀಣ ಬ್ಯಾಂಕುಗಳೊಡನೆ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನಲ್ಲಿ ಕೂಡಿಕೊಂಡು ಪ್ರಧಾನ ಕಚೇರಿ ಘಟ್ಟದ ಮೇಲಿನ ಧಾರವಾಡವಾಯಿತು. 2025ರ ಮೇ 1ರಂದು ಏಕೀಕೃತ ಬ್ಯಾಂಕಿನ ಮೂಲಕ ಬಳ್ಳಾರಿಯಾಯಿತು. ಲೆಕ್ಕ ಎಲ್ಲಿಂದಲಾದರೂ ಒಂದೇ ದೂರ; ಸಾಲದ ಅರ್ಜಿ ಹಿಡಿದು ಮೇಲಿನವರನ್ನು ಕಾಣಬೇಕಾದವನಿಗೆ ಮಾತ್ರ ದೂರ ದೂರವೇ.

ಚರಿತ್ರೆಯ ವಿದ್ಯಾರ್ಥಿಗಳಿಗೆ ಇದರಲ್ಲೊಂದು ಆತಂಕವಿದೆ. 1985ರ ದಾಖಲೆ ಸಂರಕ್ಷಣಾ ನಿಯಮಗಳ ಪ್ರಕಾರ ಬ್ಯಾಂಕುಗಳು ವೈಯಕ್ತಿಕ ಲೆಜರುಗಳನ್ನು ಕಡ್ಡಾಯವಾಗಿ ಇಡಬೇಕಾದದ್ದು 8 ವರ್ಷ ಮಾತ್ರ. ಕೈಬರಹದ ಕೊನೆಯ ಲೆಜರುಗಳ ಅವಧಿ ಎಂದೋ ಮುಗಿದಿದೆ. ಗಣಕಕ್ಕೆ ಹೋದದ್ದು ಅಂದಿನ ಬಾಕಿ. ಬಾಕಿಯ ಹಿಂದಿದ್ದ ದಶಕಗಳ ನಮೂದುಗಳಲ್ಲ. ಪ್ರಾಥಮಿಕ ಸಹಕಾರಿ ಸಂಘಗಳನ್ನು ಒಂದೇ ಜಾಲಕ್ಕೆ ತರುವ ಯೋಜನೆಗೆ ಕೇಂದ್ರ ಸರಕಾರವು 2022ರ ಜೂನಿನಲ್ಲಿ ಒಪ್ಪಿಗೆಯಿತ್ತಿತು. ದೇಶದ 63,000 ಸಂಘಗಳು ಆಗ ಅದರ ಗುರಿಯಾಗಿದ್ದುವು. ಸಂಘಗಳ ಕಪಾಟುಗಳಲ್ಲಿ ಹಳೆಯ ಕಿರ್ದಿ, ಸಾಲದ ಪುಸ್ತಕಗಳು ಉಳಿದಿದ್ದರೆ ಅವನ್ನು ನೋಡಿ ಪ್ರತಿ ಮಾಡಿಕೊಳ್ಳುವ ಕೆಲಸವನ್ನು ಹೊನ್ನಾವರ, ಕುಮಟೆ, ಭಟ್ಕಳಗಳ ಕಾಲೇಜುಗಳು ಈ ವರ್ಷವೇ ಕೈಗೊಳ್ಳಬಹುದು; ಅದಕ್ಕೆ ಸಂಘದ ಅನುಮತಿ ಬೇಕು.