ಗುಬ್ಬಿಗೆ ಬಂದು ಹೋದವರು, ಬಂದು ಉಳಿದವರು



ಕಳೆದ ಬೇಸಿಗೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಅಮೆರಿಕದಿಂದ ಸಂಸಾರಸಮೇತನಾಗಿ ಬಂದು, ಚೇಳೂರಿನ ನಮ್ಮ ಮನೆಯಲ್ಲಿ ಒಂದು ಮಧ್ಯಾಹ್ನವನ್ನು ಕಳೆದನು. ಹಲಸಿನ ಕಾಲ. ನಮ್ಮೂರಿನ ಹಲಸಿನ ವಿಷಯ ನಿಮಗೆ ಹೇಳಬೇಕಾದುದಿಲ್ಲ. ಸಂತೆಯ ದಿನ ದಾರಿಯುದ್ದಕ್ಕೂ ಅದರದೇ ಪರಿಮಳ. ಕೆಂಪು ತೊಳೆಯನ್ನು ಬಿಡಿಸುತ್ತ ಕುಳಿತಿದ್ದಾಗ, ಅಲ್ಲಿನ ಕಾಲೇಜಿನಲ್ಲಿ ಓದುತ್ತಿರುವ ಅವನ ಮಗಳು ನನ್ನ ಪಕ್ಕದಲ್ಲಿ ಬಂದು ಕುಳಿತು, ತಾನು ಬರೆದಿದ್ದ ಒಂದು ಪ್ರಬಂಧವನ್ನು ಅರ್ಧ ಕನ್ನಡದಲ್ಲಿ, ಅರ್ಧ ಇಂಗ್ಲಿಷಿನಲ್ಲಿ ನನಗೆ ಓದಿ ಹೇಳಿದಳು.

ಅವರದು ತುಮಕೂರು ಕಡೆಯ ಹಳೆಯ ಕ್ರೈಸ್ತ ಕುಟುಂಬ. ಆ ಹುಡುಗಿ ತನ್ನ ಕಾಲೇಜಿನ ಸಹಪಾಠಿಗಳೊಡನೆ ಮಧ್ಯ ಅಮೆರಿಕದ ಒಂದು ಬಡ ದೇಶಕ್ಕೆ ಎಂಟು ದಿನಗಳ ಸೇವಾಯಾತ್ರೆಗೆ ಹೋಗಿದ್ದಳಂತೆ. ಶಾಲೆಯ ಗೋಡೆಗೆ ಬಣ್ಣ ಬಳಿದರು, ಮಕ್ಕಳೊಡನೆ ಆಡಿದರು, ಸಂಜೆ ಪ್ರಾರ್ಥನೆ ನಡೆಸಿದರು, ಹಿಂದಿರುಗಿದರು. ಹೋಗಿಬಂದವರೆಲ್ಲರೂ ತಮ್ಮ ಅನುಭವವನ್ನು ಬರೆದು ಒಪ್ಪಿಸಬೇಕಿತ್ತು. ಓದಿ ಮುಗಿಸಿದ ಮೇಲೆ ಅವಳು ಹಾಳೆಯನ್ನು ಮಡಿಸಿ, "ತಾತ, ಇದರಲ್ಲಿ ನನ್ನ ಹೆಸರು, ನನ್ನ ಗೆಳತಿಯರ ಹೆಸರು ಎಲ್ಲ ಇದೆ. ಆ ಮಕ್ಕಳ ಹೆಸರು ಒಂದೂ ಇಲ್ಲ. ಅವರ ಭಾಷೆ ನಮಗೆ ಬರುತ್ತಿರಲಿಲ್ಲ. ನಾನು ಹೋದದ್ದು ತಪ್ಪೇ?" ಎಂದು ಕೇಳಿದಳು.

ಇತಿಹಾಸವನ್ನು ಮೂವತ್ತು ವರ್ಷ ಪಾಠ ಮಾಡಿದವನಿಗೆ ಇಂತಹ ಪ್ರಶ್ನೆ ಎದುರಾದಾಗ ಉತ್ತರಕ್ಕಿಂತ ಮೊದಲು ಒಂದು ಕಥೆ ನೆನಪಾಗುತ್ತದೆ. ಆ ಕಥೆ ನಮ್ಮ ಗುಬ್ಬಿಯದು.

1839ರ ಏಪ್ರಿಲ್ ತಿಂಗಳಲ್ಲಿ ವಿಲಿಯಂ ಆರ್ಥರ್ ಎಂಬ ತರುಣನು ಇಂಗ್ಲೆಂಡಿನಿಂದ ಹಡಗು ಹತ್ತಿದನು. ಆತನು ಐರ್ಲೆಂಡಿನವನು, 1819ರಲ್ಲಿ ಹುಟ್ಟಿದವನು. ಎಂದರೆ ಆಗ ಅವನಿಗೆ ಇಪ್ಪತ್ತು ವರ್ಷ, ನನ್ನ ವಿದ್ಯಾರ್ಥಿಯ ಮಗಳ ವಯಸ್ಸೇ. ಲಂಡನ್ನಿನ ಹಾಕ್ಸ್ಟನ್‌ನಲ್ಲಿದ್ದ ವೆಸ್ಲಿಯನ್ ಸಂಸ್ಥೆಯಲ್ಲಿ ಬೋಧಕನಾಗುವ ಶಿಕ್ಷಣವನ್ನು ಆಗತಾನೇ ಮುಗಿಸಿದ್ದನು. ಸೂಯೆಜ್ ಕಾಲುವೆ ಆಗಿನ್ನೂ ಇರಲಿಲ್ಲ. ಅದು ತೆರೆದದ್ದು 1869ರಲ್ಲಿ. ಆಫ್ರಿಕಾ ಖಂಡವನ್ನು ಬಳಸಿ, ತಿಂಗಳುಗಟ್ಟಲೆ ಕಡಲಿನಲ್ಲಿ ಕಳೆದು ಮದರಾಸಿಗೆ ಬರಬೇಕು. ಅಲ್ಲಿಂದ ಘಟ್ಟ ಹತ್ತಿ ಬೆಂಗಳೂರು, ಮುಂದೆ ತುಮಕೂರಿನ ದಾರಿಯಾಗಿ ಗುಬ್ಬಿ.

ಆ ಕಾಲದ ಮೈಸೂರನ್ನು ಸ್ವಲ್ಪ ಮನಸ್ಸಿಗೆ ತಂದುಕೊಳ್ಳಿ. ನಗರದ ರೈತರ ದಂಗೆಯ ನೆಪದಿಂದ 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ತೆಗೆದುಕೊಂಡಿದ್ದರು. 1834ರಿಂದ ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದನು. ಗುಬ್ಬಿಯು ವ್ಯಾಪಾರಕ್ಕೆ ಹೆಸರಾದ ಪೇಟೆ. ಅಡಕೆ, ಕೊಬ್ಬರಿಗಳ ನಾಡು. ಅದಕ್ಕಿಂತ ಮುಖ್ಯವಾಗಿ ವೀರಶೈವ ಸಾಹಿತ್ಯ ಸಂಪ್ರದಾಯದ ನೆಲೆ. ಹದಿನಾರನೆಯ ಶತಮಾನದಲ್ಲಿ 'ಭಾವಚಿಂತಾರತ್ನ', 'ವೀರಶೈವಾಮೃತ ಪುರಾಣ'ಗಳನ್ನು ಬರೆದ ಗುಬ್ಬಿಯ ಮಲ್ಲಣಾರ್ಯನ ಊರು. ಹೊಸ ದೇವರ ಮಾತನ್ನು ಕೇಳುವುದಕ್ಕಾಗಿ ಬಾಯಾರಿ ಕುಳಿತಿದ್ದ ಬರಡು ನೆಲವೇನೂ ಅದಾಗಿರಲಿಲ್ಲ.

ಆರ್ಥರ್ ಇಲ್ಲಿ ಕನ್ನಡ ಕಲಿತನು. ಸಂತೆಗಳಲ್ಲಿ, ಹಳ್ಳಿಗಳ ಜಗುಲಿಗಳಲ್ಲಿ ನಿಂತು ತನ್ನ ಧರ್ಮವನ್ನು ಬೋಧಿಸಿದನು. ಆದರೆ ದೇಹ ಸಹಕರಿಸಲಿಲ್ಲ. ಆರೋಗ್ಯ ಕೆಟ್ಟಿತು, ಕಣ್ಣಿನ ದೃಷ್ಟಿಗೆ ಕುತ್ತು ಬಂದಿತು. 1841ರಲ್ಲಿ ಅವನು ಸ್ವದೇಶಕ್ಕೆ ಹಿಂದಿರುಗಿದನು. ಬಂದು ಎರಡು ವರ್ಷಗಳಾಗಿದ್ದುವು, ಅಷ್ಟೇ. ಕಣ್ಣಿನ ತೊಂದರೆ ಅವನನ್ನು ಬಹುಕಾಲ ಬಿಡಲಿಲ್ಲ. ಮತ್ತೆ ಅವನು ಗುಬ್ಬಿಯಲ್ಲಿ ನೆಲೆಸಲು ಬರಲಿಲ್ಲ.

ಜೀವನಪರ್ಯಂತ ಇರಬೇಕೆಂದು ಬಂದು, ಅನಿವಾರ್ಯವಾಗಿ ಅಲ್ಪಾವಧಿಗೆ ಮುಗಿದ ಯಾತ್ರೆ ಅದು. ಆದರೆ ಅದರ ಫಲವಾಗಿ ಒಂದು ಪುಸ್ತಕ ಹುಟ್ಟಿತು. 1847ರಲ್ಲಿ ಲಂಡನ್ನಿನಲ್ಲಿ 'ಎ ಮಿಷನ್ ಟು ದಿ ಮೈಸೂರ್' ಪ್ರಕಟವಾಯಿತು. ಇಂಡಿಯಾ ದೇಶವನ್ನೂ, ಅದರ ಜನರನ್ನೂ, ಅವರ ಧರ್ಮವನ್ನೂ ಚಿತ್ರಿಸುವ ದೃಶ್ಯಗಳು ಮತ್ತು ಸಂಗತಿಗಳು ಎಂಬುದು ಅದರ ಉಪಶೀರ್ಷಿಕೆಯ ಅರ್ಥ. ಆ ಪುಸ್ತಕ ಅಲ್ಲಿನ ಓದುಗರಿಗೆ ಗುಬ್ಬಿಯೆಂಬ ಊರನ್ನು ಪರಿಚಯ ಮಾಡಿಸಿತು. ಆರ್ಥರ್ ಮುಂದೆ ದೊಡ್ಡ ಮನುಷ್ಯನಾದನು: 1851ರಿಂದ 1868ರವರೆಗೆ ವೆಸ್ಲಿಯನ್ ಮಿಷನರಿ ಸೊಸೈಟಿಯ ಕಾರ್ಯದರ್ಶಿಗಳಲ್ಲೊಬ್ಬ, 1866ರಲ್ಲಿ ವೆಸ್ಲಿಯನ್ ಮಹಾಸಭೆಯ ಅಧ್ಯಕ್ಷ, ಆಮೇಲೆ ಬೆಲ್‌ಫಾಸ್ಟಿನ ಮೆಥಡಿಸ್ಟ್ ಕಾಲೇಜಿನ ಮುಖ್ಯಸ್ಥ. 1901ರಲ್ಲಿ ಫ್ರಾನ್ಸಿನ ಕಾನ್ ಪಟ್ಟಣದಲ್ಲಿ ತೀರಿಕೊಂಡನು. ಎರಡು ವರ್ಷಗಳ ಗುಬ್ಬಿಯ ವಾಸವು ಅವನನ್ನು ರೂಪಿಸಿತೆಂಬುದರಲ್ಲಿ ನನಗೆ ಸಂದೇಹವಿಲ್ಲ. ಗುಬ್ಬಿಗೆ ಅವನಿಂದ ಏನಾಯಿತು ಎಂಬ ಪ್ರಶ್ನೆ ಬೇರೆ.

ಈಗ ಇನ್ನೊಬ್ಬರನ್ನು ನೋಡೋಣ. ತಾಮಸ್ ಹಾಡ್ಸನ್ ಎಂಬ ವೆಸ್ಲಿಯನ್ ಪಾದ್ರಿಯು ಆರ್ಥರನಿಗಿಂತ ಮೊದಲೇ, 1830ರ ದಶಕದಲ್ಲಿಯೇ, ಗುಬ್ಬಿಯ ಸೀಮೆಯಲ್ಲಿ ಕೆಲಸ ಆರಂಭಿಸಿದ್ದನು. ನಡುವೆ ಸ್ವದೇಶಕ್ಕೆ ಹೋಗಿಬಂದರೂ ಮೈಸೂರು ಸೀಮೆಯೊಡನೆ ಅವನ ಸಂಬಂಧ ದಶಕಗಳ ಕಾಲ ನಡೆಯಿತು. 1859ರಲ್ಲಿ ಅವನ ಕನ್ನಡ ವ್ಯಾಕರಣ ಬೆಂಗಳೂರಿನಲ್ಲಿ ಅಚ್ಚಾಯಿತು. 1864ರಲ್ಲಿ ಎರಡನೆಯ ಮುದ್ರಣ ಬಂದಿತು. 1877ರಲ್ಲಿ, ಮುದುಕನಾದ ಮೇಲೆ, ಅವನು ಇನ್ನೊಂದು ಪುಸ್ತಕ ಬರೆದನು. ಅದರ ಹೆಸರು 'ಓಲ್ಡ್ ಡೇನಿಯಲ್'. ಗುಬ್ಬಿ ಸೀಮೆಯಲ್ಲಿ ಕ್ರೈಸ್ತನಾದ ಒಬ್ಬ ಸಾಮಾನ್ಯ ಮನುಷ್ಯನ ಜೀವನಚರಿತ್ರೆ ಅದು.

ಈ ಎರಡು ಶೀರ್ಷಿಕೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿರಿ. ಬೇಗನೆ ಹಿಂದಿರುಗಿದವನ ಪುಸ್ತಕದ ಹೆಸರಿನಲ್ಲಿ ಅವನ ಕಾರ್ಯವಿದೆ. ದೀರ್ಘಕಾಲ ಒಡನಾಡಿದವನ ಪುಸ್ತಕದ ಹೆಸರಿನಲ್ಲಿ ಇಲ್ಲಿನ ಒಬ್ಬ ಮನುಷ್ಯನ ಹೆಸರಿದೆ. ಹಾಡ್ಸನ್ನನದೂ ಮತಪ್ರಚಾರದ ಪುಸ್ತಕವೇ. ಅಲ್ಲಿ ಡೇನಿಯಲ್ ಮಾತನಾಡುವುದೂ ಪಾದ್ರಿಯ ಲೇಖನಿಯಿಂದಲೇ. ನಮ್ಮ ಧರ್ಮವನ್ನು ಅವರು ಕಂಡ ರೀತಿಯನ್ನು ನಾನು ಒಪ್ಪುವವನಲ್ಲ. ಆದರೂ ಒಬ್ಬನ ಹೆಸರು ತಿಳಿಯುವುದಕ್ಕೂ, ಅವನ ಬದುಕು ಬರೆಯುವಷ್ಟು ತಿಳಿಯುವುದಕ್ಕೂ ಎಷ್ಟು ವರ್ಷಗಳು ಬೇಕಾಗುತ್ತವೆ ಎಂಬುದು ಇಲ್ಲಿ ಕಾಣುತ್ತದೆ.

ಬೇರೆ ಕಡೆಯೂ ಹೀಗೆಯೇ. ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಕನ್ನಡ ನಾಡಿಗೆ ಬಂದಾಗ ಅವನಿಗೂ ಇಪ್ಪತ್ತೊಂದು ವರ್ಷ. ಅವನ ನಿಘಂಟು ಮಂಗಳೂರಿನಲ್ಲಿ ಹೊರಬಂದದ್ದು 1894ರಲ್ಲಿ. ಇಂದು ಕನ್ನಡಿಗರು ಕಿಟೆಲನನ್ನು ನೆನೆಯುವುದು ಅವನು ಎಷ್ಟು ಜನರನ್ನು ಮತಾಂತರಿಸಿದನೆಂಬ ಲೆಕ್ಕದಿಂದಲ್ಲ. ನಮ್ಮ ಪದಗಳನ್ನು ಒಂದೊಂದಾಗಿ ಕೇಳಿ ಬರೆದುಕೊಂಡನೆಂಬುದರಿಂದ. ಇನ್ನು ಫ್ರಾನ್ಸಿನ ಅಬ್ಬೆ ದ್ಯುಬುವಾ ಮೂವತ್ತೊಂದು ವರ್ಷ ನಮ್ಮ ದೇಶದಲ್ಲಿದ್ದು, 1823ರಲ್ಲಿ ಹಿಂದಿರುಗಿದ ವರ್ಷವೇ ತನ್ನ ಪತ್ರಗಳ ಪುಸ್ತಕದಲ್ಲಿ, ಇಲ್ಲಿನ ಹಿಂದೂಗಳನ್ನು ಮತಾಂತರಿಸುವುದು ಆಗದ ಕೆಲಸವೆಂದು ಬರೆದನು. ಎಂಟು ದಿನ ಇದ್ದು ಬಂದವರ ಬರಹದಲ್ಲಿ ಇಂತಹ ಸೋಲಿನ ಒಪ್ಪಿಗೆ ಸಿಕ್ಕುವುದು ವಿರಳ. ಸೋಲು ತಿಳಿಯುವುದಕ್ಕೂ ಕಾಲ ಬೇಕು.

ಈಗಿನ ಅಲ್ಪಾವಧಿ ಸೇವಾಯಾತ್ರೆಗಳು ಆರ್ಥರನ ಯಾತ್ರೆಯಂತಲ್ಲ. ಮೊದಲೇ ಹಿಂದಿರುಗುವ ಟಿಕೆಟ್ಟನ್ನು ಕೊಂಡು ಹೊರಡುವಂಥವು. ಎರಡನೆಯ ಮಹಾಯುದ್ಧದ ನಂತರ, ವಿಮಾನಯಾನ ಅಗ್ಗವಾದಂತೆ, ಅಮೆರಿಕದಲ್ಲಿ ಇವು ಬೆಳೆದುವು. 2005ರ ಸಮೀಕ್ಷೆಯೊಂದರ ಆಧಾರದ ಮೇಲೆ ಸಮಾಜಶಾಸ್ತ್ರಜ್ಞ ರಾಬರ್ಟ್ ವುತ್ನೋ ಅವರು, ವರ್ಷಕ್ಕೆ ಸುಮಾರು 16 ಲಕ್ಷ ಅಮೆರಿಕನ್ನರು ಹೀಗೆ ಹೊರದೇಶಗಳಿಗೆ ಹೋಗುತ್ತಾರೆಂದು ಅಂದಾಜು ಮಾಡಿದ್ದರು. 1998ರಲ್ಲಿ ಮಿಚ್ ಚಂಡಮಾರುತವು ಹೊಂಡುರಾಸ್ ದೇಶವನ್ನು ಧ್ವಂಸ ಮಾಡಿದಾಗ ಅನೇಕ ತಂಡಗಳು ಮನೆ ಕಟ್ಟಲು ಅಲ್ಲಿಗೆ ಧಾವಿಸಿದುವು. ಆ ದೇಶದಲ್ಲಿಯೇ ನೆಲೆಸಿದ್ದ ಕರ್ಟ್ ವೆರ್ ಬೀಕ್ ಎಂಬ ಪ್ರಾಧ್ಯಾಪಕರು ಇದನ್ನು ಅಧ್ಯಯನ ಮಾಡಿ 2006ರಲ್ಲಿ ಪ್ರಕಟಿಸಿದರು. ಪ್ರಯಾಣದ ವೆಚ್ಚವೂ ಸೇರಿ ಹೊರಗಿನ ತಂಡ ಕಟ್ಟಿದ ಒಂದು ಮನೆಗೆ ಬಿದ್ದದ್ದು ಸುಮಾರು 30,000 ಡಾಲರು. ಸ್ಥಳೀಯರೇ ಕಟ್ಟಿದರೆ 2,000 ಡಾಲರು. ಹೋಗಿಬಂದವರ ನಂತರದ ಬದುಕಿನಲ್ಲಿ, ದಾನಧರ್ಮದಲ್ಲಿ, ಉಳಿದ ಬದಲಾವಣೆಯೂ ಹೆಚ್ಚಿನದಾಗಿರಲಿಲ್ಲ. ಇದನ್ನು ಕಂಡುಹಿಡಿದು ಹೇಳಿದವರು ಶತ್ರುಗಳಲ್ಲ, ಅವರದೇ ಕ್ರೈಸ್ತ ಕಾಲೇಜಿನ ಅಧ್ಯಾಪಕರು ಎಂಬುದು ಗಮನಾರ್ಹ.

ಇಷ್ಟು ಬರೆದು, ಆ ಹುಡುಗಿಯ ತಪ್ಪನ್ನು ಎತ್ತಿ ತೋರಿಸಿ ಲೇಖನ ಮುಗಿಸಬಹುದಿತ್ತು. ಆದರೆ ನನ್ನ ಮನಸ್ಸಾಕ್ಷಿ ಒಪ್ಪದು. ಈವರೆಗೆ ನಾನು ಯಾರಿಗೂ ಹೇಳದ ಒಂದು ಸಂಗತಿಯನ್ನು ಇಲ್ಲಿ ಬರೆಯಬೇಕಾಗಿದೆ.

1980ರಲ್ಲಿ ನಾನು ಪದವಿ ತರಗತಿಯಲ್ಲಿದ್ದೆನು. ರಾಷ್ಟ್ರೀಯ ಸೇವಾ ಯೋಜನೆಯ ಹತ್ತು ದಿನಗಳ ಶಿಬಿರಕ್ಕೆಂದು ನಮ್ಮ ಜಿಲ್ಲೆಯದೇ ಒಂದು ಹಳ್ಳಿಗೆ ಹೋದೆವು. ರಸ್ತೆಗೆ ಮಣ್ಣು ಹೊತ್ತೆವು, ಸಸಿ ನೆಟ್ಟೆವು, ರಾತ್ರಿ ನಾಟಕ ಆಡಿದೆವು. ಅಲ್ಲಿ ಕುರಿ ಕಾಯುವವನೊಬ್ಬನು, ಮೂವತ್ತರ ಆಸುಪಾಸಿನವನು, ಸಂಜೆ ನನ್ನ ಬಳಿ ಬಂದು ತನ್ನ ಹೆಸರನ್ನು ಬರೆಯಲು ಕಲಿಸಬೇಕೆಂದು ಕೇಳಿದನು. ಎಲ್ಲೋ ಹೆಬ್ಬೆಟ್ಟು ಒತ್ತಿ ಅವನು ಒಮ್ಮೆ ಮೋಸಹೋಗಿದ್ದನಂತೆ. ಕಂದೀಲಿನ ಬೆಳಕಿನಲ್ಲಿ ಸ್ಲೇಟು ಹಿಡಿದು ಕಲಿಸಿದೆನು. ನಾಲ್ಕಕ್ಷರದ ಹೆಸರು, ಎರಡು ಅಕ್ಷರ ಬಂದುವು. ಒತ್ತಕ್ಷರ ಬರಲಿಲ್ಲ. ಶಿಬಿರ ಮುಗಿಯಿತು. "ಯುಗಾದಿಗೆ ಬರುತ್ತೇನೆ, ಉಳಿದದ್ದನ್ನು ಕಲಿಸುತ್ತೇನೆ" ಎಂದು ಮಾತು ಕೊಟ್ಟು ಬಂದೆನು.

ಹೋಗಲಿಲ್ಲ. ಪರೀಕ್ಷೆ ಬಂದಿತು, ಆಮೇಲೆ ಬಿ.ಎಡ್., ಆಮೇಲೆ ನೌಕರಿ. ಆದರೆ ಕಾಲೇಜಿನ ವಾರ್ಷಿಕ ಸಂಚಿಕೆಗೆ ಶಿಬಿರದ ಅನುಭವವನ್ನು ಮಾತ್ರ ಬಹಳ ಚೆನ್ನಾಗಿ ಬರೆದೆನು, ಬಹುಮಾನವೂ ಬಂದಿತು. ಅದರಲ್ಲಿ ಅವನು 'ಒಬ್ಬ ಮುಗ್ಧ ಹಳ್ಳಿಗ'ನಾಗಿದ್ದನು. ಹೆಸರು ಬರೆಯಲು ಕಲಿಯಬೇಕೆಂದು ಬಂದವನ ಹೆಸರನ್ನೇ ನಾನು ಬರೆದಿರಲಿಲ್ಲ.

1991ರ ಲೋಕಸಭಾ ಚುನಾವಣೆಯಲ್ಲಿ ನನಗೆ ಮತಗಟ್ಟೆಯ ಕೆಲಸ ಬಿದ್ದದ್ದು ಅದೇ ಹಳ್ಳಿಗೆ. ಮಧ್ಯಾಹ್ನದ ವೇಳೆಗೆ ಅವನು ಬಂದನು. ನನಗೆ ಗುರುತು ಸಿಕ್ಕಿತು, ಅವನಿಗೆ ಸಿಕ್ಕಲಿಲ್ಲ. ಸಹಿಗೆಂದು ನಾನು ಪೆನ್ನು ಚಾಚಿದೆನು. ಅವನು ಎಡಗೈಯ ಹೆಬ್ಬೆರಳನ್ನು ಚಾಚಿದನು. "ಒಂದೆರಡು ಅಕ್ಷರ ಬತ್ತಿತ್ತು ಸ್ವಾಮಿ, ಕಾಲೇಜು ಹುಡುಗ್ರು ಬಂದಿದ್ರು. ಆಮ್ಯಾಕೆ ಮರ್ತೋಯ್ತು" ಎಂದನು. ಶಾಯಿಯ ದಿಂಡನ್ನು ಅವನತ್ತ ಸರಿಸಿದೆನು. ನಾನೇ ಆ ಹುಡುಗನೆಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

ನನ್ನ ತರಗತಿಯಲ್ಲಿ ಒತ್ತಕ್ಷರಗಳನ್ನು ಬರೆಯಲು ಬಾರದ ಮಕ್ಕಳನ್ನು ನಾನು ಶಾಲೆ ಬಿಟ್ಟ ಮೇಲೆಯೂ ನಿಲ್ಲಿಸಿಕೊಂಡು ಕಲಿಸುತ್ತಿದ್ದೆನೆಂಬುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಆಗ ನೀವು ನನ್ನನ್ನು ಬೈದುಕೊಂಡದ್ದೂ ನನಗೆ ಗೊತ್ತು. ಅದರ ಕಾರಣ ಇದು.

ಆದುದರಿಂದ ಆ ಹುಡುಗಿಗೆ ನಾನು ಹೇಳಿದ್ದು ಇಷ್ಟೇ. ಹೋದದ್ದು ತಪ್ಪಲ್ಲ, ಮಗು. ಇಪ್ಪತ್ತು ವರ್ಷದವರು ಹೊರಗೆ ಹೋಗಲೇಬೇಕು. ಆದರೆ ಎಂಟು ದಿನದಲ್ಲಿ ನೀನು ಕೊಟ್ಟದ್ದು ಕಡಿಮೆ, ಪಡೆದದ್ದು ಹೆಚ್ಚು. ಅದು ಸಾಲವೆಂದು ಲೆಕ್ಕ ಬರೆದುಕೋ. ಸಾಲವನ್ನು ಸೇವೆಯೆಂದು ಬರೆದುಕೊಂಡರೆ ಮಾತ್ರ ತಪ್ಪು. ಆ ಮಕ್ಕಳ ಭಾಷೆಯನ್ನು ಕಲಿ. ಮತ್ತೆ ಅದೇ ಊರಿಗೆ ಹೋಗು, ಹೊಸ ಊರಿಗಲ್ಲ. ಹೋಗಲಾಗದಿದ್ದರೆ, ಅಲ್ಲಿಯೇ ಇದ್ದು ಕಲಿಸುತ್ತಿರುವವರ ಕೈಗೆ ನಿನ್ನ ವಿಮಾನದ ಹಣವನ್ನು ಕಳುಹಿಸು.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಉದಾಹರಣೆ ಹುಡುಕಬೇಕಾದುದಿಲ್ಲ. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 1941ರಲ್ಲಿ ಮಠದ ಹೊಣೆ ಹೊತ್ತವರು 2019ರ ಜನವರಿ 21ರಂದು ಲಿಂಗೈಕ್ಯರಾಗುವವರೆಗೆ ಅದೇ ಜಾಗದಲ್ಲಿದ್ದು, ಜಾತಿಮತ ಕೇಳದೆ ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟರು. ಧರ್ಮ ಯಾವುದೇ ಇರಲಿ, ಇದ್ದು ಮಾಡುವ ಕೆಲಸಕ್ಕೆ ಸಮನಾದದ್ದಿಲ್ಲ.

ಹೊರಡುವಾಗ ಅವಳು ತನ್ನ ಫೋನಿನಲ್ಲಿದ್ದ ಒಂದು ಚಿತ್ರವನ್ನು ತೋರಿಸಿದಳು. ಬಣ್ಣ ಬಳಿದ ಗೋಡೆ, ಮುಂದೆ ಮಕ್ಕಳು. ಒಂದು ಮಗುವಿನ ಹೆಸರನ್ನಾದರೂ ಆ ಶಾಲೆಯ ಶಿಕ್ಷಕಿಗೆ ಬರೆದು ಕೇಳುತ್ತೇನೆಂದಳು. ಕಳೆದ ವಾರ ಅವಳ ತಂದೆಯಿಂದ ಪತ್ರ ಬಂದಿತು. ಅವಳು ಸ್ಪ್ಯಾನಿಷ್ ತರಗತಿಗೆ ಸೇರಿದ್ದಾಳಂತೆ. ಚಿತ್ರದಲ್ಲಿದ್ದ ಹನ್ನೊಂದು ಮಕ್ಕಳಲ್ಲಿ ಒಂಬತ್ತು ಹೆಸರುಗಳು ಸಿಕ್ಕಿವೆಯಂತೆ.

ನಾನು ಆ ಕುರಿಗಾಹಿಯ ಊರಿಗೆ ಈ ಯುಗಾದಿಗೆ ಹೋಗಬೇಕೆಂದಿದ್ದೇನೆ. ಅವನು ಇದ್ದಾನೋ ಇಲ್ಲವೋ ತಿಳಿಯದು. ಮೊಮ್ಮಕ್ಕಳಾದರೂ ಇದ್ದಾರು.

ನಿಮ್ಮ
ಮೇಷ್ಟ್ರು