ಮುಪ್ಪಿನ ನಡಿಗೆ ಮತ್ತು ಹೊರೆ

ವಯಸ್ಸಾದವರ ಕೈಗೆ ಭಾರ ಬಂದರೆ ನಡಿಗೆ ಬದಲಾಗುತ್ತದೆ. ಹೆಜ್ಜೆ ಗಿಡ್ಡವಾಗುತ್ತದೆ, ವೇಗ ತಗ್ಗುತ್ತದೆ. ಯುವಕರು ಸಹಜ ವೇಗದಲ್ಲಿ ನಡೆಯುವಾಗ ಎರಡೂ ಪಾದಗಳು ಒಟ್ಟಿಗೆ ನೆಲ ಮುಟ್ಟಿರುವುದು ಸುಮಾರು ಶೇ. 20ರಷ್ಟು ಹೊತ್ತು ಮಾತ್ರ. ವಯಸ್ಸಿನೊಂದಿಗೆ ಅದು ಏರುತ್ತದೆ, ಹೊರೆ ಹೊತ್ತಾಗ ಇನ್ನಷ್ಟು ಏರುತ್ತದೆ. ಸ್ನಾಯುಗಳು ಸೊರಗಿ, ಪಾದದ ಸ್ಪರ್ಶ ಮತ್ತು ದೃಷ್ಟಿ ಮಂದವಾದಾಗ ಬೀಳದಿರಲು ದೇಹ ತಾನಾಗಿ ಹಿಡಿಯುವ ದಾರಿ ಇದು.

ಭಾರ ಎಷ್ಟಿದೆ ಎಂಬುದರಷ್ಟೇ ಮುಖ್ಯ, ಅದು ಯಾವ ಕಡೆಗಿದೆ ಎಂಬುದು. ನಡೆಯುವಾಗ ಒಂದು ಕಾಲು ಮೇಲೆದ್ದ ಕೂಡಲೇ ಸೊಂಟ ಆ ಬದಿಗೆ ವಾಲಲು ನೋಡುತ್ತದೆ. ಅದನ್ನು ತಡೆಯಲು ಊರಿದ ಕಾಲಿನ ಕಡೆಯ ಪಿರ್ರೆಯ ಸ್ನಾಯುಗಳು ಬಿಗಿಯಾಗಿ ಎಳೆಯಬೇಕು. ಬಲಗೈಯಲ್ಲಿ ತರಕಾರಿ ಚೀಲವಿದ್ದು ಎಡಗಾಲು ಊರಿದಾಗ, ಚೀಲ ಎಡ ಸೊಂಟದ ಕೀಲಿನಿಂದ ದೂರದಲ್ಲಿ ತೂಗುತ್ತದೆ. ಆಗ ಚೀಲದ ತೂಕದ ಜೊತೆಗೆ ಸ್ನಾಯುವಿನ ಹೆಚ್ಚುವರಿ ಸೆಳೆತವೂ ಆ ಕೀಲಿನ ಮೇಲೆಯೇ ಬೀಳುತ್ತದೆ. ಬರ್ಲಿನ್‌ನಲ್ಲಿ ಗೆಯೋರ್ಗ್ ಬೆರ್ಗ್‌ಮನ್ ಮತ್ತು ಸಂಗಡಿಗರು ಒತ್ತಡ ಅಳೆಯುವ ಕೃತಕ ಕೀಲುಗಳಿಂದ ಇದನ್ನು ನೇರವಾಗಿಯೇ ಅಳೆದು 1997ರಲ್ಲಿ ಪ್ರಕಟಿಸಿದರು. ಹಾಗಾಗಿ ಬಲ ಸೊಂಟ ನೋಯುವವರಿಗೆ ಕೆಳಕ್ಕೆ ಎಳೆಯುವ ಚೀಲ ಬಲಗೈಯಲ್ಲಿ, ಮೇಲಕ್ಕೆ ಒತ್ತಿ ಆಸರೆ ಕೊಡುವ ಊರುಗೋಲು ಎಡಗೈಯಲ್ಲಿ ಇರುವುದು ಒಳ್ಳೆಯದು. ನೋವಿರುವ ಕಡೆಗೇ ಕೋಲು ಊರುವವರು ಬಹಳ ಮಂದಿ. ಅವರಿಗೆ ಇದನ್ನು ಯಾರಾದರೂ ತೋರಿಸಿಕೊಡಬೇಕು.

ಹೊರೆ ಗಮನವನ್ನೂ ಬೇಡುತ್ತದೆ. ಸ್ವೀಡನ್‌ನ ಉಮಿಯೊದಲ್ಲಿ ಲಿಲ್ಲೆಮೋರ್ ಲುಂಡಿನ್-ಓಲ್ಸನ್ ತಂಡ ವೃದ್ಧರನ್ನು ಕುರ್ಚಿಯಿಂದ ಎಬ್ಬಿಸಿ, 3 ಮೀಟರ್ ನಡೆಸಿ, ಮರಳಿ ಕೂರಿಸಿ ಹೊತ್ತು ಅಳೆಯಿತು. ಮತ್ತೊಮ್ಮೆ ಅದೇ ನಡಿಗೆ, ಈ ಸಲ ಕೈಯಲ್ಲಿ ನೀರಿನ ಲೋಟ. ಲೋಟ ಹಿಡಿದಾಗ 4.5 ಸೆಕೆಂಡ್ ಅಥವಾ ಅದಕ್ಕೂ ಹೆಚ್ಚು ತಡವಾದವರು ಮುಂದಿನ ತಿಂಗಳುಗಳಲ್ಲಿ ಬೀಳುವ ಸಂಭವ ಜಾಸ್ತಿಯಿತ್ತು ಎಂದು 1998ರಲ್ಲಿ ಅವರು ವರದಿ ಮಾಡಿದರು. ಒಂದು ಲೋಟ ನೀರಿನ ತೂಕವೆಷ್ಟು!

ಎರಡೂ ಕೈಯಲ್ಲಿ ಎದುರಿಗೆ ಹಿಡಿದ ಬಟ್ಟೆಬುಟ್ಟಿ ಇನ್ನೂ ಅಪಾಯಕಾರಿ. ಮೆಟ್ಟಿಲೂ ಹೊಸ್ತಿಲೂ ಕಣ್ಣಿಗೆ ಮರೆಯಾಗುತ್ತವೆ, ಕಂಬಿ ಹಿಡಿಯಲು ಕೈ ಇರುವುದಿಲ್ಲ. ಭಾರವನ್ನು ಎರಡು ಚೀಲಗಳಿಗೆ ಹಂಚುವುದು, ಹಗುರವಾದ ಬೆನ್ನುಚೀಲ, ಗಾಲಿ ಇರುವ ಚೀಲ ಇವೆಲ್ಲ ನೆರವಾಗುತ್ತವೆ.

ಹಾಗೆಂದು ಹಿರಿಯರಿಂದ ಭಾರವನ್ನೆಲ್ಲ ಕಸಿದುಕೊಳ್ಳುವುದೂ ಸರಿಯಲ್ಲ. ಬೋಸ್ಟನ್‌ನ ವೃದ್ಧಾಶ್ರಮವೊಂದರಲ್ಲಿ ಸರಾಸರಿ 90 ವರ್ಷದವರಿಗೆ ವೈದ್ಯೆ ಮರಿಯಾ ಫಿಯಾಟರೋನ್ 8 ವಾರ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. 1990ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅದನ್ನು ಪೂರೈಸಿದವರ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತ್ತು, ಅವರಲ್ಲಿ ಇಬ್ಬರು ಊರುಗೋಲು ಬಿಟ್ಟು ನಡೆಯತೊಡಗಿದ್ದರು.