ಗಾಜಿನ ಮನೆಯಲ್ಲಿ ಮೂರು ಹೆಸರುಗಳು

ರಾಷ್ಟ್ರಪತಿ ಪದವಿಗೆ ಪಕ್ಷವೊಂದು ತನ್ನ ಅಭ್ಯರ್ಥಿಯನ್ನು ಆರಿಸುವ ಕೆಲಸ ಸಾಮಾನ್ಯವಾಗಿ ದೆಹಲಿಯಲ್ಲಿ, ಮುಚ್ಚಿದ ಬಾಗಿಲುಗಳ ಹಿಂದೆ ನಡೆದುಹೋಗುತ್ತದೆ. ನಮ್ಮ ಕಿವಿಗೆ ಬೀಳುವುದು ಕೊನೆಯಲ್ಲಿ ಉಳಿದ ಹೆಸರೊಂದೇ. 1969ರ ಜುಲೈ ತಿಂಗಳಲ್ಲಿ ಮಾತ್ರ ಈ ಕೆಲಸ ಬೆಂಗಳೂರಿನಲ್ಲಿ ನಡೆಯಿತು. ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನ ಸೇರಿತ್ತು. ಪಕ್ಷದ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪನವರು. ಫಲಪುಷ್ಪ ಪ್ರದರ್ಶನಕ್ಕೆ ಹೆಸರಾದ ಆ ಕಟ್ಟಡದಲ್ಲಿ ಕಾಂಗ್ರೆಸ್ಸಿನ ಬಿರುಕು ದೇಶದ ಕಣ್ಣಿಗೆ ಬಿತ್ತು.

ಹೊರನಾಡಿನಲ್ಲಿರುವ ನಮಗೆ ಈ ಕಥೆಯಲ್ಲಿ ಒಂದು ಸಂಕಟವಿದೆ. ನಿಜಲಿಂಗಪ್ಪನವರು ನಮಗೆ ಕರ್ನಾಟಕ ಏಕೀಕರಣದ ಧುರೀಣರು, 1956ರ ನವೆಂಬರ್ 1ರಂದು ಒಂದಾದ ರಾಜ್ಯದ ಮೊದಲ ಮುಖ್ಯಮಂತ್ರಿ. ನಮ್ಮ ನೆರೆಹೊರೆಯ ಮರಾಠಿ, ಹಿಂದಿ ಮಿತ್ರರಿಗೆ ಅವರ ಹೆಸರು ನೆನಪಿದ್ದರೆ ಅದು "ಸಿಂಡಿಕೇಟ್" ಎಂಬ ಕೂಟದ ಮುದುಕರಲ್ಲಿ ಒಬ್ಬರೆಂದು ಮಾತ್ರ. ಆದ್ದರಿಂದ ಆ ಜುಲೈಯಲ್ಲಿ ನಡೆದದ್ದೇನು ಎಂಬುದನ್ನು ನಾವೇ ಒಮ್ಮೆ ತೂಗಿ ನೋಡುವುದು ಒಳ್ಳೆಯದು.

1969ರ ಮೇ 3ರಂದು ರಾಷ್ಟ್ರಪತಿ ಝಾಕಿರ್ ಹುಸೇನರು ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಉಪರಾಷ್ಟ್ರಪತಿ ವಿ. ವಿ. ಗಿರಿಯವರು ಹಂಗಾಮಿ ರಾಷ್ಟ್ರಪತಿಗಳಾದರು. ಕಾಂಗ್ರೆಸ್ಸಿನ ಅಭ್ಯರ್ಥಿ ಯಾರಾಗಬೇಕೆಂಬ ಮಾತಿನಲ್ಲಿ ಮೂರು ಹೆಸರುಗಳು ಓಡಾಡಿದವು: ಗಿರಿ, ಜಗಜೀವನ ರಾಂ, ನೀಲಂ ಸಂಜೀವ ರೆಡ್ಡಿ.

ನಮ್ಮನ್ನು ಕೇಳಿದರೆ ಮೊದಲ ಹಕ್ಕು ಗಿರಿಯವರದು. ರಾಧಾಕೃಷ್ಣನ್ 1962ರಲ್ಲಿ, ಝಾಕಿರ್ ಹುಸೇನ್ 1967ರಲ್ಲಿ ಉಪರಾಷ್ಟ್ರಪತಿ ಪದವಿಯಿಂದಲೇ ಮೇಲೇರಿದ್ದರು. ಅದು ಕಾನೂನಲ್ಲ, ಆದರೂ ಒಳ್ಳೆಯ ರೂಢಿಯಾಗಿ ಬೇರೂರುತ್ತಿತ್ತು. ಗಿರಿಯವರು ಹಳೆಯ ಕಾರ್ಮಿಕ ನಾಯಕರು. ಬ್ಯಾಂಕ್ ನೌಕರರ ವೇತನದ ತೀರ್ಪನ್ನು ಸರ್ಕಾರ ತಿದ್ದಿದ್ದನ್ನು ಒಪ್ಪದೆ 1954ರಲ್ಲಿ ಕೇಂದ್ರದ ಕಾರ್ಮಿಕ ಮಂತ್ರಿ ಪದವಿಯನ್ನೇ ಬಿಟ್ಟುಬಂದವರು. 1965ರಿಂದ 1967ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು, ಎಂದರೆ ನಿಜಲಿಂಗಪ್ಪನವರಿಗೆ ಹತ್ತಿರದಿಂದ ಗೊತ್ತಿದ್ದವರು. ಎಪ್ಪತ್ತೈದರ ಹೊಸ್ತಿಲಲ್ಲಿದ್ದರು ಎಂಬುದೊಂದೇ ಆಕ್ಷೇಪವಾಗಬಹುದಿತ್ತು. ಅಂಥವರನ್ನು ಎರಡು ಕಡೆಯವರೂ ಬದಿಗೆ ಸರಿಸಿದರು!

ಜಗಜೀವನ ರಾಂ ಅವರ ಯೋಗ್ಯತೆಯೂ ಕಡಿಮೆಯದಲ್ಲ. 1946ರ ಮಧ್ಯಂತರ ಸರ್ಕಾರದಿಂದಲೂ ಮಂತ್ರಿಯಾಗಿ ದುಡಿದು ಅನುಭವವಿದ್ದವರು. ಹಸಿರು ಕ್ರಾಂತಿಯ ಆ ವರ್ಷಗಳಲ್ಲಿ ಆಹಾರ ಮತ್ತು ಕೃಷಿ ಖಾತೆ ಅವರ ಕೈಯಲ್ಲೇ ಇತ್ತು. ಗಾಂಧೀಜಿಯವರ ಜನ್ಮ ಶತಾಬ್ದಿಯ ವರ್ಷದಲ್ಲಿ ದಲಿತ ನಾಯಕರೊಬ್ಬರು ರಾಷ್ಟ್ರಪತಿ ಭವನಕ್ಕೆ ಹೋಗಿದ್ದರೆ ಅದಕ್ಕಿಂತ ಒಪ್ಪುವ ಗೌರವ ಇನ್ನಾವುದಿತ್ತು? ಇಂದಿರಾ ಗಾಂಧಿಯವರು ಈ ಹೆಸರನ್ನು ಮುಂದಿಟ್ಟರು. ಆದರೆ ಅದು ಸೋತ ಮೇಲೆ ಅವರ ಬಲ ನಿಂತದ್ದು ಗಿರಿಯವರ ಹಿಂದೆ. ದೇಶ ದಲಿತ ರಾಷ್ಟ್ರಪತಿಯನ್ನು ಕಾಣಲು 1997ರಲ್ಲಿ ಕೆ. ಆರ್. ನಾರಾಯಣನ್ ಬರುವವರೆಗೆ ಕಾಯಬೇಕಾಯಿತು.

ಇನ್ನು ಸಂಜೀವ ರೆಡ್ಡಿಯವರು ನಮ್ಮ ಗಡಿಗೆ ತಾಗಿದ ಅನಂತಪುರದವರು. ಆಂಧ್ರಪ್ರದೇಶದ ಮೊದಲ ಮುಖ್ಯಮಂತ್ರಿ, ಕಾಂಗ್ರೆಸ್ಸಿನ ಮಾಜಿ ಅಧ್ಯಕ್ಷರು. 1967ರಲ್ಲಿ ಲೋಕಸಭೆಯ ಸ್ಪೀಕರ್ ಆದಾಗ ನಿಷ್ಪಕ್ಷಪಾತವಾಗಿರಬೇಕೆಂದು ಪಕ್ಷದ ಸದಸ್ಯತ್ವವನ್ನೇ ಬಿಟ್ಟವರು. ಅಂಥವರನ್ನು ಒಂದು ಗುಂಪಿನ ಆಯುಧವಾಗಿ ಹಿಡಿದದ್ದು ಅವರಿಗೆ ಮಾಡಿದ ಉಪಕಾರವಲ್ಲ. ಸಿಂಡಿಕೇಟಿಗೆ ರಾಷ್ಟ್ರಪತಿಗಿಂತ ಪ್ರಧಾನಿಗೆ ಹಾಕುವ ಲಗಾಮು ಬೇಕಾಗಿತ್ತು.

ಜುಲೈ 12ರಂದು ಕಾಂಗ್ರೆಸ್ ಸಂಸದೀಯ ಮಂಡಳಿ ಸೇರಿತು. ಮೊರಾರ್ಜಿ ದೇಸಾಯಿ, ಕಾಮರಾಜ್, ಎಸ್. ಕೆ. ಪಾಟೀಲ್, ಯಶವಂತರಾವ್ ಚವಾಣ್ ಈ ನಾಲ್ವರು ರೆಡ್ಡಿಯವರ ಪರ. ಇಂದಿರಾ ಗಾಂಧಿ ಮತ್ತು ಫಕ್ರುದ್ದೀನ್ ಅಲಿ ಅಹಮದ್ ಇಬ್ಬರೇ ಜಗಜೀವನ ರಾಂ ಪರ. ಅಧ್ಯಕ್ಷ ನಿಜಲಿಂಗಪ್ಪನವರೂ ಸ್ವತಃ ಜಗಜೀವನ ರಾಂ ಅವರೂ ಮತ ಹಾಕಲಿಲ್ಲ. ಪ್ರಧಾನಿಯವರಿಗೆ ಆಘಾತವಾದದ್ದು ಚವಾಣರ ಮತ. ಪಾಟೀಲರ ವಿಷಯ ಮುಂಬಯಿಯ ಓದುಗರಿಗೆ ಹೇಳಬೇಕಾಗಿಲ್ಲ. ಈ ನಗರದ ಮುಕುಟವಿಲ್ಲದ ದೊರೆ ಎನಿಸಿಕೊಂಡಿದ್ದ ಅವರನ್ನು 1967ರಲ್ಲಿ ಇಲ್ಲಿಯೇ ಸೋಲಿಸಿದವರು ಮಂಗಳೂರಿನಿಂದ ಬಂದ ಜಾರ್ಜ್ ಫರ್ನಾಂಡಿಸ್. ಕಾಮರಾಜರೂ ಅದೇ ವರ್ಷ ತಮ್ಮ ಊರಾದ ವಿರುದುನಗರದಲ್ಲಿ ಸೋತಿದ್ದರು. ಜನ ಹಾಗೆ ಎಚ್ಚರಿಸಿದ್ದರೂ ಮಂಡಳಿಯ ಮೇಜಿನ ಸುತ್ತ ಹಳೆಯ ಲೆಕ್ಕಾಚಾರವೇ ನಡೆಯಿತು.

ಮುಂದಿನದು ಮಿಂಚಿನ ವೇಗದಲ್ಲಿ ಆಯಿತು. ಮಾರನೆಯ ದಿನವೇ ಗಿರಿಯವರು ಸ್ವತಂತ್ರ ಅಭ್ಯರ್ಥಿಯಾಗುವುದಾಗಿ ಘೋಷಿಸಿದರು. ಜುಲೈ 16ರಂದು ಪ್ರಧಾನಿ ಮೊರಾರ್ಜಿಯವರಿಂದ ಹಣಕಾಸು ಖಾತೆಯನ್ನು ಕಿತ್ತುಕೊಂಡರು. ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣದ ಸುಗ್ರೀವಾಜ್ಞೆ ಹೊರಟಿತು. ಅದಕ್ಕೆ ಸಹಿ ಹಾಕಿದವರು ಹಂಗಾಮಿ ರಾಷ್ಟ್ರಪತಿ ಗಿರಿ, ಬ್ಯಾಂಕ್ ನೌಕರರಿಗಾಗಿ ಮಂತ್ರಿಗಿರಿ ಬಿಟ್ಟಿದ್ದ ಅದೇ ಗಿರಿ. ಸಹಿ ಹಾಕಿ ಮರುದಿನ ಅವರು ರಾಜೀನಾಮೆ ಕೊಟ್ಟರು.

ಆ 14ರಲ್ಲಿ ಎರಡು ನಮ್ಮ ಕರಾವಳಿಯ ಕೂಸುಗಳು: ಮಂಗಳೂರಿನಲ್ಲಿ 1906ರಲ್ಲಿ ಹುಟ್ಟಿದ ಕೆನರಾ ಬ್ಯಾಂಕ್, ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್. ರಾಜಕೀಯದ ಸಿಂಡಿಕೇಟನ್ನು ಮಣಿಸಲು ಹೊರಟ ಏಟು ಮಣಿಪಾಲದ ಸಿಂಡಿಕೇಟಿಗೂ ತಾಗಿದ್ದು ಹೆಸರಿನ ತಮಾಷೆಯಷ್ಟೇ. (2020ರ ಏಪ್ರಿಲ್‌ನಲ್ಲಿ ಅದು ಕೆನರಾ ಬ್ಯಾಂಕಿನಲ್ಲೇ ಲೀನವಾಯಿತು.) ರಾಷ್ಟ್ರೀಕರಣದ ಸಾಧಕಬಾಧಕಗಳ ಚರ್ಚೆಗೆ ಇದು ಜಾಗವಲ್ಲ. ಆದರೆ ಆ ಏಳು ದಿನಗಳ ಆತುರವನ್ನು ನೋಡಿದರೆ, ಬೆಂಗಳೂರಿನ ಮತದಾನ ಬೇರೆ ರೀತಿಯಾಗಿದ್ದರೆ ಅದು ಅದೇ ವಾರ ಬರುತ್ತಿತ್ತೆಂದು ನಮಗೆ ಅನ್ನಿಸುವುದಿಲ್ಲ.

ಈಗ ನಿಜಲಿಂಗಪ್ಪನವರ ಪಾಲಿಗೆ ಬರೋಣ. ಬಹುಮತದ ತೀರ್ಮಾನವನ್ನು ಪಕ್ಷದ ತೀರ್ಮಾನವೆಂದು ನಿಂತದ್ದು ತಪ್ಪಲ್ಲ. ಅಧ್ಯಕ್ಷರಾದವರ ಕರ್ತವ್ಯವೇ ಅದು. ರೆಡ್ಡಿಯವರ ನಾಮಪತ್ರಕ್ಕೆ ತಾವೇ ಸಹಿ ಹಾಕಿ, ಆಮೇಲೆ "ಆತ್ಮಸಾಕ್ಷಿಯ ಮತ"ಕ್ಕೆ ದಾರಿ ಬಿಟ್ಟ ಪ್ರಧಾನಿಯವರ ನಡೆಯನ್ನು ನಾವು ಮೆಚ್ಚಲಾರೆವು. ಆದರೆ ನಿಜಲಿಂಗಪ್ಪನವರು ಎರಡು ಕಡೆ ಎಡವಿದರು. ರಾಷ್ಟ್ರಪತಿ ಅಭ್ಯರ್ಥಿಯಂಥ ವಿಷಯವನ್ನು ನಾಲ್ಕು-ಎರಡರ ಎಣಿಕೆಗೆ ಬಿಡದೆ, ಗಿರಿಯವರ ಹೆಸರಿನಲ್ಲಾದರೂ ಒಮ್ಮತ ಹುಡುಕಬಹುದಾಗಿತ್ತು. ಎರಡನೆಯದು ಇನ್ನೂ ದೊಡ್ಡದು. ಜನಸಂಘ ಮತ್ತು ಸ್ವತಂತ್ರ ಪಕ್ಷಗಳಿಗೆ ಸಿ. ಡಿ. ದೇಶಮುಖರೆಂಬ ಬೇರೆ ಅಭ್ಯರ್ಥಿಯಿದ್ದರು (ಮುಂಬಯಿಯ ಪ್ರಶ್ನೆಯಲ್ಲಿ 1956ರಲ್ಲಿ ನೆಹರೂ ಸಂಪುಟ ಬಿಟ್ಟ ದೇಶಮುಖರೇ). ಆ ಪಕ್ಷಗಳ ಎರಡನೆಯ ಪ್ರಾಶಸ್ತ್ಯದ ಮತಗಳನ್ನು ರೆಡ್ಡಿಯವರಿಗೆ ಕೇಳಲು ಕಾಂಗ್ರೆಸ್ ಅಧ್ಯಕ್ಷರೇ ಹೋದರು. ಲೆಕ್ಕ ಸರಿಯಾಗಿತ್ತು, ಆದರೆ ಎದುರಾಳಿಗಳ ಕೈಗೆ ಕೋಲು ಕೊಟ್ಟಂತಾಯಿತು.

ಆಗಸ್ಟ್ 16ರಂದು ಮತದಾನ, 20ರಂದು ಎಣಿಕೆ. ಮೊದಲ ಪ್ರಾಶಸ್ತ್ಯದಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769 ಮತಮೌಲ್ಯ ಬಂದಿತು. ಎರಡನೆಯ ಪ್ರಾಶಸ್ತ್ಯಗಳು ಸೇರಿದಾಗ ಗಿರಿಯವರದು 4,20,077, ರೆಡ್ಡಿಯವರದು 4,05,427. ಅಂತರ ಕೇವಲ 14,650. ನಿಜಲಿಂಗಪ್ಪನವರು ಕೇಳಿದ ಮತಗಳು ಬಂದವು. ಬರಬೇಕಾಗಿದ್ದ ಕಾಂಗ್ರೆಸ್ಸಿನ ಸ್ವಂತ ಮತಗಳೇ ಬರಲಿಲ್ಲ.

ನವೆಂಬರ್ 12ರಂದು ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಹೊರಹಾಕಲಾಯಿತು, ಪಕ್ಷ ಎರಡಾಯಿತು. 1971ರ ಲೋಕಸಭಾ ಚುನಾವಣೆಯಲ್ಲಿ ಮೈಸೂರು ರಾಜ್ಯದ 27 ಸ್ಥಾನಗಳೂ ಇಂದಿರಾ ಕಾಂಗ್ರೆಸ್ಸಿನ ಪಾಲಾದವು. 1972ರಲ್ಲಿ ದೇವರಾಜ ಅರಸರು ಮುಖ್ಯಮಂತ್ರಿಯಾದರು. ಸ್ವಂತ ನಾಡಿನಲ್ಲೇ ನಿಜಲಿಂಗಪ್ಪನವರ ಕಾಲ ಮುಗಿದಿತ್ತು. ಅವರು 2000ದ ಆಗಸ್ಟ್ 8ರಂದು ಚಿತ್ರದುರ್ಗದಲ್ಲಿ ತೀರಿಕೊಂಡರು.

ಉಳಿದಿಬ್ಬರ ದಾರಿಗಳು ಮತ್ತೊಮ್ಮೆ ಕೂಡಿದವು. 1977ರಲ್ಲಿ ಸಂಜೀವ ರೆಡ್ಡಿಯವರು ಅವಿರೋಧವಾಗಿ ರಾಷ್ಟ್ರಪತಿಯಾದರು. ಈ ಸಲ ಇಂದಿರಾ ಗಾಂಧಿಯವರ ಪಕ್ಷವೂ ಎದುರು ನಿಲ್ಲಲಿಲ್ಲ. 1979ರ ಆಗಸ್ಟ್‌ನಲ್ಲಿ ಚರಣ್ ಸಿಂಗರ ಸರ್ಕಾರ ಬಿದ್ದಾಗ, ಜನತಾ ಪಕ್ಷದ ನಾಯಕರಾಗಿ ಸರ್ಕಾರ ರಚಿಸಲು ಅವಕಾಶ ಕೇಳಿದವರು ಜಗಜೀವನ ರಾಂ. ರೆಡ್ಡಿಯವರು ಅವರನ್ನು ಕರೆಯಲಿಲ್ಲ. 22ನೆಯ ತಾರೀಕಿನಂದು ಲೋಕಸಭೆಯನ್ನು ವಿಸರ್ಜಿಸಿದರು.